ಗೀರು ಕಾಣದ .22 ನಳಿಗೆ: ಸವೆದದ್ದೋ, ನುಣುಪಾಗಿಯೇ ಹುಟ್ಟಿದ್ದೋ?

ಮಹಾನವಮಿಯ ಖಂಡೆ ಪೂಜೆ ಬಂತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಹಳೆಯ ವಾಡೆಗಳಲ್ಲಿ ಕತ್ತಿ, ಗುರಾಣಿ, ಭರ್ಚಿಗಳ ಜೊತೆಗೆ ಕೆಲವೊಮ್ಮೆ ಒಂದು ಸಣ್ಣ ಬಂದೂಕೂ ಹೊರಗೆ ಬರುತ್ತದೆ. ತೆಳ್ಳನೆಯ ನಳಿಗೆ, ಪೆನ್ಸಿಲ್ ಕೂಡ ತೂರದ ತೂತು, ಬೋಲ್ಟ್ ಎಳೆದರೆ ಒಂದೇ ಕಾಡತೂಸು ಕೂರುವ ಜಾಗ. ಮನೆಯವರ ಬಾಯಲ್ಲಿ ಅದು 'ಪಾಯಿಂಟ್ ಟೂ ಟೂ', ಅಂದರೆ ತೂತಿನ ಅಗಲ ಸುಮಾರು .22 ಇಂಚು. ಯಾರಾದರೂ ಆಸಕ್ತಿಯಿಂದ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ಒಳಗೆ ಗುಂಡನ್ನು ತಿರುಗಿಸಿ ನೇರ ಕಳಿಸುವ ಸುತ್ತುಗೀರು ಕಾಣದಿದ್ದರೆ ತೀರ್ಪು ಅಲ್ಲೇ ಮುಗಿಯುತ್ತದೆ: 'ಪೂರಾ ಸವದ್ ಹೋಗೇದ್ರಿ, ಏನೂ ಉಪಯೋಗಿಲ್ಲ.'

ಈ ತೀರ್ಪು ಹಲವು ಸಲ ತಪ್ಪು. ಗೀರಿಲ್ಲದ .22 ನಳಿಗೆಗೆ ಕನಿಷ್ಠ ಐದು ಬೇರೆ ಬೇರೆ ಕಾರಣಗಳಿರಬಹುದು. ತುಕ್ಕು ತಿಂದು ಗೀರು ಹೋಗಿರಬಹುದು. ಸೀಸ ಮೆತ್ತಿ ಗೀರು ಮುಚ್ಚಿರಬಹುದು. ಛರ್ರಾ, ಅಂದರೆ ಒಂದೇ ಗುಂಡಿನ ಬದಲು ಪುಡಿ ಕಾಳು, ಹೊಡೆಯಲೆಂದು ಕಾರ್ಖಾನೆಯಲ್ಲಿಯೇ ನುಣುಪಾಗಿ ಮಾಡಿರಬಹುದು. ಗೀರಿರುವ ತುಂಡೊಂದನ್ನು ಮೂತಿಗೆ ತಿರುಪಿ ಹಾಕುವ ಜಾತಿಯದಾಗಿದ್ದು, ಆ ತುಂಡು ಕಳೆದುಹೋಗಿರಬಹುದು. ಅಥವಾ ಆಮೇಲೆ ಯಾರೋ ಒಳಗನ್ನು ಕೊರೆದು ಅಗಲ ಮಾಡಿರಬಹುದು. ಮೇಲ್ನೋಟಕ್ಕೆ ಎಲ್ಲವೂ ಒಂದೇ. ಆದರೆ ಒಂದು ಸಂಗ್ರಹಯೋಗ್ಯ ಅಪರೂಪದ ವಸ್ತು, ಇನ್ನೊಂದು ಕಾನೂನಿನ ತಲೆನೋವು, ಮತ್ತೊಂದು ಬರೀ ಕಬ್ಬಿಣ. ಇವುಗಳನ್ನು ಬೇರೆ ಮಾಡಿ ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಯಾವ ದಾರಿ ಹಿಡಿಯಬೇಕು ಎಂಬುದೇ ಇಲ್ಲಿನ ವಿಷಯ.

ಕೈ ಹಾಕುವ ಮುಂಚೆ ಎರಡು ಮಾತು. ಬೋಲ್ಟ್ ಬಿಚ್ಚಿ ಪಕ್ಕಕ್ಕಿಡಿ, ಕಾಡತೂಸು ಕೂರುವ ಜಾಗ ಖಾಲಿ ಇದೆಯೆಂದು ಬೆರಳಿಟ್ಟು ನೋಡಿ. ಬೋಲ್ಟ್ ಹೊರಗೆ ಬಾರದ ಪಂಪ್, ಲಿವರ್ ಬಂದೂಕಾದರೆ ನಳಿಗೆಯ ಕೆಳಗಿನ ಕೊಳವೆಯನ್ನೂ ಖಾಲಿ ಮಾಡಬೇಕು. ಹಳೆಯ ಕಾಡತೂಸು ಅಲ್ಲಿ ಸಿಕ್ಕಿಕೊಂಡು ಕುಳಿತಿರುವುದುಂಟು. ಎರಡನೆಯದು, ಲೈಸೆನ್ಸ್ ಇರುವವರ ಎದುರಿಗೇ ಈ ಪರೀಕ್ಷೆ ನಡೆಯಲಿ.

ಮೊದಲು ಸವೆತದ ಮಾತನ್ನೇ ತೆಗೆದುಕೊಳ್ಳೋಣ, ಯಾಕೆಂದರೆ ಎಲ್ಲ ಗೊಂದಲ ಹುಟ್ಟುವುದು ಅಲ್ಲಿಂದಲೇ. .22 ರಿಮ್‌ಫೈರ್, ಅಂದರೆ ಅಂಚಿಗೆ ಏಟು ಬಿದ್ದರೆ ಸಿಡಿಯುವ ಕಾಡತೂಸಿನ ಗುಂಡು, ಮೆತ್ತನೆಯ ಸೀಸದ್ದು. ಅದು ಉಕ್ಕಿನ ಗೀರನ್ನು ಉಜ್ಜಿ ನುಣುಪು ಮಾಡುವುದು ಬಹಳ ಕಷ್ಟ. ಸಾವಿರಾರು ಗುಂಡು ಹಾರಿದ ಮೇಲೂ ಗೀರು ಉಳಿಯುತ್ತದೆ. ಹಾಗಾದರೆ ಹಳೆಯ ನಳಿಗೆಗಳು ಹಾಳಾದದ್ದು ಹೇಗೆ? ಎರಡು ಕಾರಣ. ಒಂದು, 1920ರ ದಶಕದ ಕೊನೆಯವರೆಗೆ ಬಹುಪಾಲು ಕಾಡತೂಸುಗಳ ಅಂಚಿನಲ್ಲಿದ್ದ ಸಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಒಂದು ಬಗೆಯ ಉಪ್ಪು ಉಳಿಯುತ್ತದೆ; ಆ ಉಪ್ಪು ಗಾಳಿಯ ತೇವ ಹೀರಿ ನಳಿಗೆಯನ್ನು ಒಳಗಿನಿಂದ ತಿನ್ನುತ್ತದೆ. ರೆಮಿಂಗ್ಟನ್ ಕಂಪನಿಯ 'ಕ್ಲೀನ್‌ಬೋರ್' ಕಾಡತೂಸು ಪೇಟೆಗೆ ಬಂದ ಮೇಲೆಯೇ ಈ ಕಾಟ ಕಡಿಮೆಯಾಗುತ್ತ ಹೋಯಿತು. ಖಾನಾಪುರದ ಮಳೆಯಲ್ಲಿ ಗೋಡೆಗೆ ನೇತುಬಿದ್ದಿದ್ದ ಬಂದೂಕಿಗೂ ವಿಜಯಪುರದ ಒಣ ಗಾಳಿಯಲ್ಲಿದ್ದ ಬಂದೂಕಿಗೂ ಒಳಗಿನ ಸ್ಥಿತಿಯಲ್ಲಿ ವ್ಯತ್ಯಾಸ ಕಂಡರೆ ಆಶ್ಚರ್ಯಪಡಬೇಕಿಲ್ಲ. ಇನ್ನೊಂದು ಕಾರಣ, ಮೂತಿಯ ಕಡೆಯಿಂದ ಉಕ್ಕಿನ ಸರಳು ತೂರಿಸಿ ಒರೆಸುವ ಅಭ್ಯಾಸ. ಆ ಸರಳು ಮೂತಿಯ ಹತ್ತಿರದ ಗೀರನ್ನು ನಿಜಕ್ಕೂ ಸವೆಸುತ್ತದೆ.

ಹೀಗಾಗಿ ತುಕ್ಕು ತಿಂದ ನಳಿಗೆಯಲ್ಲಿ ಕುಳಿಗಳಿರಬೇಕು, ಕಪ್ಪು ಕಲೆಗಳಿರಬೇಕು, ಅಲ್ಲೊಂದು ಇಲ್ಲೊಂದು ಗೀರಿನ ಅವಶೇಷವಾದರೂ ಉಳಿದಿರಬೇಕು. ಸರಳಿನಿಂದ ಸವೆದದ್ದಾದರೆ ಮೂತಿಯಲ್ಲಿ ಮಾತ್ರ ನುಣುಪು, ಹಿಂದಕ್ಕೆ ಹೋದಂತೆ ಗೀರು ಸ್ಪಷ್ಟ. ಕಾಡತೂಸಿನ ಜಾಗದಿಂದ ಮೂತಿಯವರೆಗೆ ಒಂದೇ ಸಮನೆ ನುಣುಪಾಗಿ ಹೊಳೆಯುವ ನಳಿಗೆ ಸವೆದದ್ದಲ್ಲ. ಹಾಗೆ ಸವೆಯುವುದಕ್ಕೆ ದಾರಿಯೇ ಇಲ್ಲ. ಆದ್ದರಿಂದ ಮೂತಿಯನ್ನು ನೋಡಿ ತೀರ್ಮಾನ ಮಾಡಬೇಡಿ, ಹಿಂಬದಿಯಿಂದ ನೋಡಿ.

ನೋಡುವುದಕ್ಕಿಂತ ಗಟ್ಟಿಯಾದ ಪರೀಕ್ಷೆ ಇನ್ನೊಂದಿದೆ, ನನ್ನ ಮಟ್ಟಿಗೆ ಉಳಿದೆಲ್ಲಕ್ಕಿಂತ ಅದೇ ಮೇಲು. ಹಿಡಿಕೆ ಸಲೀಸಾಗಿ ತಿರುಗುವ ಒರೆಸುವ ಸರಳು ತೆಗೆದುಕೊಳ್ಳಿ, ತುದಿಗೆ ಬಿಗಿಯಾಗಿ ಕೂರುವಷ್ಟು ಬಟ್ಟೆ ಸುತ್ತಿ, ಎಣ್ಣೆ ಹಚ್ಚಿ. ಸರಳಿನ ಮೇಲೆ ಒಂದು ಗುರುತು ಮಾಡಿ ಹಿಂಬದಿಯಿಂದ ನಿಧಾನ ತಳ್ಳಿ. .22ರ ಸಾಮಾನ್ಯ ಕಾಡತೂಸಾದ ಲಾಂಗ್ ರೈಫಲ್‌ಗೆ ಮಾಡಿದ ನಳಿಗೆಗಳಲ್ಲಿ ಸಾಮಾನ್ಯವಾಗಿ 16 ಇಂಚಿಗೆ ಒಂದು ಸುತ್ತಿನಂತೆ ಗೀರು ಕೊರೆದಿರುತ್ತಾರೆ. ಗೀರಿದ್ದರೆ ಬಟ್ಟೆ ಅದನ್ನು ಹಿಡಿದು ಸರಳನ್ನು ತಿರುಗಿಸುತ್ತದೆ. 24 ಇಂಚಿನ ನಳಿಗೆಯಲ್ಲಿ ಸುಮಾರು ಒಂದೂವರೆ ಸುತ್ತು. ಕಣ್ಣಿಗೆ ಕಾಣದಷ್ಟು ಮಾಸಿದ ಗೀರನ್ನೂ ಬಟ್ಟೆ ಎಷ್ಟೋ ಸಲ ಹಿಡಿಯುತ್ತದೆ.

ಈ ಒಂದೇ ಸರಳು ಬೇರೆ ಬೇರೆ ಕಥೆ ಹೇಳುತ್ತದೆ. ಹಿಂದೆ ತಿರುಗಿ ಮೂತಿಯ ಹತ್ತಿರ ಜಾರಿತೆಂದರೆ ಅದು ಒರೆಸಿ ಸವೆದ ರೈಫಲ್. ತಡೆತಡೆದು, ಒಮ್ಮೆ ತಿರುಗಿ ಒಮ್ಮೆ ನಿಂತು ಹೋದರೆ ತುಕ್ಕು. ಮೊದಲಿನಿಂದ ಕೊನೆಯವರೆಗೆ ಒಂದೇ ಬಿಗಿಯಲ್ಲಿ, ಚೂರೂ ತಿರುಗದೆ ನೇರ ಹೋದರೆ ಹುಟ್ಟಿನಿಂದಲೇ ನುಣುಪು, ಇಲ್ಲವೇ ಆಮೇಲೆ ಕೊರೆದದ್ದು. ಅರ್ಧ ದಾರಿ ಬಿಗಿಯಾಗಿ ಹೋಗಿ ಒಮ್ಮೆಲೇ ಬಟ್ಟೆ ಸಡಿಲವಾಗಿ ಗಾಳಿಯಲ್ಲಿ ತೇಲಿದಂತಾದರೆ ಅದು ಬಹಳ ಅಪರೂಪದ ಜಾತಿ, ಮುಂದೆ ಹೇಳುತ್ತೇನೆ. ಪೂರ್ತಿ ನೇರ ಹೋಗಿ ಕೊನೆಯ ಕೆಲವು ಇಂಚುಗಳಲ್ಲಿ ಮಾತ್ರ ತಿರುಗಿದರೆ ಅದೂ ಅಪರೂಪದ್ದೇ, ಮೂತಿಗೆ ಗೀರಿನ ತುಂಡು ತಿರುಪಿ ಹಾಕಿದ್ದು.

ಆದರೆ ಒಂದು ಎಚ್ಚರಿಕೆ: ಈ ಪರೀಕ್ಷೆಗೆ ಮುಂಚೆ ಸೀಸ ತೆಗೆಯಬೇಕು. ಛರ್ರಾ ಕಾಡತೂಸು ಹೆಚ್ಚು ಹೊಡೆದ ನಳಿಗೆಯಲ್ಲಿ ಸೀಸ ಗೀರಿನೊಳಗೆ ಮೆತ್ತಿಕೊಂಡು, ಒಳ್ಳೆಯ ರೈಫಲ್ ಕೂಡ ನುಣುಪಾಗಿ ಕಾಣುತ್ತದೆ. ಕಂಚಿನ ಬ್ರಷ್ಷು, ಎಣ್ಣೆ, ತಾಳ್ಮೆ ಇದ್ದರೆ ಸಾಕು. ಮರಳುಕಾಗದ, ಡ್ರಿಲ್ ಎರಡೂ ಬೇಡವೇ ಬೇಡ.

ಈಗ ಕಾರ್ಖಾನೆಯವರೇ ಯಾಕೆ ಗೀರಿಲ್ಲದ .22 ಮಾಡಿದರು ಎಂಬುದು. ಗೀರಿರುವ ನಳಿಗೆಯಿಂದ ಛರ್ರಾ ಹೊಡೆದರೆ ಕಾಳುಗಳೂ ಗಿರಗಿರನೆ ತಿರುಗುತ್ತ ಹೋಗಿ, ಗುರಿಯ ಮೇಲೆ ಬಳೆಯ ಆಕಾರದಲ್ಲಿ ಚೆದುರುತ್ತವೆ, ನಡುವೆ ಖಾಲಿ. .22 ಛರ್ರಾ ಕಾಡತೂಸಿನಲ್ಲಿ ಸಾಮಾನ್ಯವಾಗಿ ಇರುವುದು 12ನೇ ನಂಬರಿನ ಪುಡಿ ಕಾಳು, ಒಂದೊಂದು ಸುಮಾರು 1.3 ಮಿಲಿಮೀಟರ್. ಅಷ್ಟು ಕಡಿಮೆ ಸರಕು ಹೀಗೆ ಚೆದುರಿದರೆ ಕೆಲವು ಹೆಜ್ಜೆ ಆಚೆಗೂ ಪ್ರಯೋಜನವಿಲ್ಲ. ನುಣುಪು ನಳಿಗೆ ಅದನ್ನು ಒಟ್ಟಾಗಿ ಇಡುತ್ತದೆ. ಉಗ್ರಾಣದ ಇಲಿ, ತೋಟದ ಹಕ್ಕಿ, ಮ್ಯೂಸಿಯಂಗೆ ಗರಿ ಹಾಳಾಗದಂತೆ ಹಕ್ಕಿಯ ಮಾದರಿ ಸಂಗ್ರಹಿಸುವವರು, ಆಮೇಲೆ ಅಮೆರಿಕದಲ್ಲಿ ಸಣ್ಣ ಮಣ್ಣುಬಿಲ್ಲೆಗಳನ್ನು ಗಾಳಿಯಲ್ಲಿ ಹಾರಿಸಿ ಹೊಡೆಯುವ ಆಟ, ಇವೆಲ್ಲಕ್ಕೆ ಇಂಥ ನಳಿಗೆ ಬೇಕಾಯಿತು.

ಅಮೆರಿಕದ ನುಣುಪು ನಳಿಗೆಗಳಲ್ಲಿ ಮೂರು ಬಗೆ ನೆನಪಿಡಿ. ಎಲ್ಲಕ್ಕಿಂತ ಸರಳವಾದದ್ದು, ಸಾಮಾನ್ಯ ರೈಫಲಿನದೇ ಮೈ, ಒಳಗೆ ಮಾತ್ರ ಗೀರಿಲ್ಲ. ವಿಂಚೆಸ್ಟರಿನ 67ನೇ ಮಾದರಿ, 1934ರಿಂದ 1963ರವರೆಗೆ ತಯಾರಾದ ಒಂಟಿಗುಂಡಿನ ಅಗ್ಗದ ಬೋಲ್ಟ್ ರೈಫಲ್, ಹೀಗೆ ನುಣುಪು ನಳಿಗೆಯಲ್ಲೂ ಬರುತ್ತಿತ್ತು. ರೆಮಿಂಗ್ಟನ್ನಿನ 510ಕ್ಕೂ ಅಂಥ ರೂಪವಿತ್ತು. ಇವನ್ನು ಗುರುತಿಸಲು ನಳಿಗೆಯ ಮೇಲಿನ ಬರಹ ಓದಿ: ಕ್ಯಾಲಿಬರ್ ಬರೆದ ಸಾಲಿನಲ್ಲಿ 'ಶಾಟ್' ಎಂದೋ 'ಸ್ಮೂತ್ ಬೋರ್' ಎಂದೋ ಇದ್ದರೆ ವಾದವೇ ಬೇಡ. ಬರಹ ಇಲ್ಲದಿದ್ದರೆ ಗುರಿಕಣ್ಣು ನೋಡಿ. ಛರ್ರಾಕ್ಕೆಂದೇ ಮಾಡಿದ ಹಲವು ನಳಿಗೆಗಳಲ್ಲಿ ಮುಂದೆ ಒಂದು ಮಣಿ ಮಾತ್ರ, ಹಿಂದಿನ ಗುರಿಕಣ್ಣು ಇಲ್ಲ. ಹಿಂದಿನ ಗುರಿಕಣ್ಣು ಕೂರಿಸುವ ಅಡ್ಡ ಕಚ್ಚನ್ನೇ ನಳಿಗೆಯ ಮೇಲೆ ಕೊರೆದಿಲ್ಲವೆಂದರೆ ಕಾರ್ಖಾನೆಯ ನುಣುಪು ಎನ್ನುವುದಕ್ಕೆ ಅದು ಬಲವಾದ ಸುಳಿವು. ಕಚ್ಚು ಇದ್ದು ಗುರಿಕಣ್ಣು ಮಾತ್ರ ಇಲ್ಲದಿದ್ದರೆ ಅದರಿಂದ ಏನೂ ಸಾಬೀತಾಗದು, ಯಾರೋ ಕಿತ್ತಿರಬಹುದು.

ಎರಡನೆಯದು ರೌಟ್ಲೆಜ್ ಕೊರೆತ. ಬಟ್ಟೆ ಅರ್ಧ ದಾರಿಯಲ್ಲಿ ಸಡಿಲವಾಗುತ್ತದೆ ಎಂದೆನಲ್ಲ, ಅದು ಇದೇ. ಹಿಂಭಾಗ .22 ಅಳತೆಯಲ್ಲೇ ಇದ್ದು, ಮುಂಭಾಗವನ್ನು ಅದಕ್ಕಿಂತ ಬಹಳ ಅಗಲವಾಗಿ ಕೊರೆದಿರುತ್ತಾರೆ. ಛರ್ರಾ ನಳಿಗೆಯ ಗೋಡೆಗೆ ಉಜ್ಜಿ ವಿರೂಪವಾಗದೆ ಹೋಗಲಿ ಎಂಬುದು ಆಶಯ. 'ಮೋ-ಸ್ಕೀಟ್-ಓ' ಎಂಬ, ಮೇಲೆ ಹೇಳಿದ ಸಣ್ಣ ಮಣ್ಣುಬಿಲ್ಲೆ ಹೊಡೆಯುವ ಆಟಕ್ಕಾಗಿ ಹುಟ್ಟಿದ ವಿನ್ಯಾಸವಿದು, ರೆಮಿಂಗ್ಟನ್ನಿನ 121 ಪಂಪ್ ಬಂದೂಕಿನಲ್ಲೂ ಬಂತು. ಮೂತಿಯಿಂದ ನೋಡಿದವರು ಇದನ್ನು .22 ಎಂದು ನಂಬುವುದೇ ಇಲ್ಲ. 'ಯಾರೋ ಡ್ರಿಲ್ ಹೊಡೆದಾರ' ಎನ್ನುತ್ತಾರೆ. ಡ್ರಿಲ್ಲಿಗೂ ಇದಕ್ಕೂ ವ್ಯತ್ಯಾಸ ಕಾಣಲು ಒಳಗಿನ ಮೆಟ್ಟಿಲು ನೋಡಿ: ಕಾರ್ಖಾನೆಯ ಕೊರೆತ ನಳಿಗೆಯ ನಟ್ಟನಡುವೆಯೇ ಇರುತ್ತದೆ, ಸುತ್ತಲಿನ ಗೋಡೆಯ ದಪ್ಪ ಒಂದೇ ಸಮ, ಮೈ ನಯ. ಕೈಕೊರೆತದ ತೂತು ಒಂದು ಪಕ್ಕಕ್ಕೆ ವಾಲುತ್ತದೆ. ಇಂಥದ್ದು ನಮ್ಮ ಕಡೆ ಸಿಗುವ ಸಾಧ್ಯತೆ ತೀರ ಕಡಿಮೆ. ಸಿಕ್ಕಿತೆಂದರೆ ಮಾತ್ರ ಯಾವ ಕಾರಣಕ್ಕೂ ಯಾರಿಗೂ 'ರಿಪೇರಿ'ಗೆ ಕೊಡಬೇಡಿ.

ಮೂರನೆಯದು ಮಾಸ್‌ಬರ್ಗ್ ಕಂಪನಿ 1940ರಲ್ಲಿ ತಂದ 'ಟಾರ್ಗೋ'. ನಳಿಗೆ ನುಣುಪು, ಮೂತಿಯಲ್ಲಿ ತಿರುಪು. ಗುಂಡು ಹೊಡೆಯಬೇಕಾದಾಗ ಗೀರಿರುವ ಗಿಡ್ಡ ತುಂಡನ್ನು ಮೂತಿಗೆ ತಿರುಪಿ ಹಾಕುವುದು, ಛರ್ರಾಕ್ಕೆ ಅದನ್ನು ಬಿಚ್ಚುವುದು. ತುಂಡು ಕಳೆದ ಟಾರ್ಗೋ ನೋಡಿದವರು ಮೂತಿಯ ತಿರುಪನ್ನು ಕಂಡು ಸೈಲೆನ್ಸರ್ ಹಾಕಲು ಮಾಡಿದ್ದೆಂದು ಗಾಬರಿಯಾಗುವುದುಂಟು. ಮಾದರಿ ಸಂಖ್ಯೆಯ ಕೊನೆಯಲ್ಲಿ ಇಂಗ್ಲಿಷ್ ಟಿ ಅಥವಾ ಟಿ-ಆರ್ ಅಕ್ಷರಗಳಿವೆಯೇ ನೋಡಿ, ಉದಾಹರಣೆಗೆ 42ಟಿ-ಆರ್.

ರೆಮಿಂಗ್ಟನ್ ಆದರೆ ತಯಾರಾದ ಕಾಲವನ್ನೂ ತಿಳಿಯಬಹುದು. 1921ರಿಂದ ನಳಿಗೆಯ ಬುಡದ ಎಡಕ್ಕೆ ಸಣ್ಣ ಅಕ್ಷರಗಳ ಸಂಕೇತವಿರುತ್ತದೆ. ಮೊದಲನೆಯದು ತಿಂಗಳು, ಮುಂದಿನದು ವರ್ಷ. ಆದರೆ ಬಂದೂಕಿನ ಕ್ರಮಸಂಖ್ಯೆಯ ನಂಬರು ಹುಡುಕಿ ಬೇಸರಪಡಬೇಡಿ: 1968ಕ್ಕಿಂತ ಹಿಂದಿನ ಅಮೆರಿಕದ ಅಗ್ಗದ .22ಗಳಲ್ಲಿ ಎಷ್ಟೋ ನಂಬರೇ ಇಲ್ಲದೆ ಹೊರಬಂದವು. ನಂಬರು ಅಳಿಸಿದ ಗುರುತು ಬೇರೆ, ಹುಟ್ಟಿನಿಂದ ನಂಬರಿಲ್ಲದಿರುವುದು ಬೇರೆ. ಅಳಿಸಿದಲ್ಲಿ ಲೋಹದ ಮೈ ತಗ್ಗಿ, ಬಣ್ಣ ಬದಲಾಗಿರುತ್ತದೆ.

ನಮ್ಮ ಭಾಗದ ಹಳೆಯ ಮನೆಗಳಲ್ಲಿ ಬಂದೂಕು ನೋಡುವಾಗ ಅಮೆರಿಕದ್ದಕ್ಕಿಂತ ಯುರೋಪಿನದೇ ಇದ್ದೀತೆಂದು ಹೊರಡುವುದು ಮೇಲು. ಇಲ್ಲಿ ಕೆಲಸ ಇನ್ನೂ ಸುಲಭ, ಯಾಕೆಂದರೆ ನಳಿಗೆಯೇ ತನ್ನ ಜಾತಿ ಹೇಳುತ್ತದೆ. ಜರ್ಮನಿಯ 1891ರ ಕಾಯ್ದೆಯ ಪ್ರಕಾರ ಪರೀಕ್ಷೆ ಪಾಸಾದ ನಳಿಗೆಗಳ ಮೇಲೆ ಕಿರೀಟದ ಕೆಳಗೆ ಅಕ್ಷರ ಒತ್ತುತ್ತಿದ್ದರು: ಗೀರಿದ್ದರೆ ಇಂಗ್ಲಿಷ್ ಜಿ, ಛರ್ರಾದ ನುಣುಪು ನಳಿಗೆಯಾದರೆ ಎಸ್. 1940ರ ಸುಮಾರಿಗೆ ಹೊಸ ಪದ್ಧತಿ ಬಂದು ಹದ್ದಿನ ಮುದ್ರೆ ಶುರುವಾಗುವವರೆಗೆ ಇದೇ ನಡೆಯಿತು. ಬೆಲ್ಜಿಯಂನ ಲಿಯೇಜ್ ಊರಿನ ಮುದ್ರೆ ಮೊಟ್ಟೆಯಾಕಾರದೊಳಗೆ ಇ-ಎಲ್-ಜಿ ಅಕ್ಷರಗಳು. ಅದರ ಜೊತೆ ಕಿರೀಟದ ಕೆಳಗೆ ಆರ್ ಇದ್ದರೆ ಆ ನಳಿಗೆ ಗೀರಿನದಾಗಿ ಪರೀಕ್ಷೆಗೆ ಹೋಗಿತ್ತು ಎಂದರ್ಥ. ಈ ಮುದ್ರೆಗಳು ಹಲವು ಸಲ ನಳಿಗೆಯ ಕೆಳಮೈಯಲ್ಲಿ, ಮರದ ಹಾಸಿನೊಳಗೆ ಅಡಗಿರುತ್ತವೆ. ಒಂದೆರಡು ತಿರುಪು ಬಿಚ್ಚಿದರೆ ಸಾಕು.

ಜಿ ಮುದ್ರೆ ಇದ್ದು ಒಳಗೆ ನುಣುಪಾಗಿದ್ದರೆ? ಅದು ಎಲ್ಲಕ್ಕಿಂತ ಸ್ಪಷ್ಟವಾದ ಸಾಕ್ಷಿ: ಗೀರಿದ್ದ ರೈಫಲ್ಲನ್ನು ಆಮೇಲೆ ಕೊರೆದಿದ್ದಾರೆ, ಇಲ್ಲವೇ ಗೀರು ಪೂರ್ತಿ ಕೆಟ್ಟಿದೆ.

ಫ್ಲೋಬರ್ಟ್ ಜಾತಿಯನ್ನೂ ಇಲ್ಲೇ ಹೇಳಬೇಕು. ಪ್ಯಾರಿಸ್ಸಿನ ಲೂಯಿ ನಿಕೋಲಾ ಫ್ಲೋಬರ್ಟ್ 1845ರಲ್ಲಿ ಮದ್ದೇ ಇಲ್ಲದ, ಬರೀ ಸಿಡಿಮದ್ದಿನ ಬಲದಿಂದ ಹಾರುವ ಪುಟ್ಟ ಗುಂಡನ್ನು ತಂದ. ರಿಮ್‌ಫೈರ್ ಕಾಡತೂಸಿನ ಮೂಲ ಅಲ್ಲಿಂದ. ಅವನ ಹೆಸರಿನ ಅಗ್ಗದ ಬಂದೂಕುಗಳಲ್ಲಿ ನುಣುಪು ನಳಿಗೆ ಅಪರೂಪವಲ್ಲ, ಸಾಮಾನ್ಯವೇ. ಕಾಡತೂಸಿನ ಹಿಂದೆ ಮುಚ್ಚುವ ಇವುಗಳ ಹಿಂಬಾಗಿಲು ದುರ್ಬಲ. ಇಂದಿನ ಲಾಂಗ್ ರೈಫಲ್ ಕಾಡತೂಸು ಅದರಲ್ಲಿ ಕೂರುತ್ತದೆಯೆಂದು ಹೊಡೆಯುವುದು ಕಣ್ಣಿಗೆ ಅಪಾಯ. 9 ಮಿಲಿಮೀಟರಿನ ತೋಟದ ಬಂದೂಕುಗಳು ಇದರ ದೊಡ್ಡಣ್ಣ: ಅವೂ ರಿಮ್‌ಫೈರ್, ಅವೂ ನುಣುಪು, ಆದರೆ ಮೊದಲಿನಿಂದ ಶಾಟ್‌ಗನ್ನೇ. ವಿಂಚೆಸ್ಟರ್ ಕೂಡ 1920ರಲ್ಲಿ 36ನೇ ಮಾದರಿಯೆಂದು ಇಂಥದ್ದನ್ನು ತಂದಿತ್ತು. ತೂತಿನ ಅಗಲ ನೋಡಿದರೇ ಗೊತ್ತಾಗುತ್ತದೆ, ಇದನ್ನು .22 ಎಂದು ಯಾರೂ ತಪ್ಪು ತಿಳಿಯಬೇಕಿಲ್ಲ. ಪೊಲೀಸ್ ಠಾಣೆಗಳಲ್ಲಿ ಹಿಂದೆ ಕಾಣುತ್ತಿದ್ದ ಇಶಾಪುರದ .410 ಮಸ್ಕೆಟ್ಟೂ ನುಣುಪು ನಳಿಗೆಯದೇ, ಆದರೆ ಅದು ರಿಮ್‌ಫೈರ್ ಅಲ್ಲ. ಸೇನೆಯ ಲೀ-ಎನ್‌ಫೀಲ್ಡ್ ರೈಫಲಿನ ಮೈಯ ಸೆಂಟರ್‌ಫೈರ್, ಅಂದರೆ ಕಾಡತೂಸಿನ ನಡುವೆ ಏಟು ಬೀಳುವಂಥದ್ದು.

ಉಳಿದದ್ದು ಕಾರ್ಖಾನೆಯ ನುಣುಪಿಗೂ ಕೈಕೊರೆತದ ನುಣುಪಿಗೂ ವ್ಯತ್ಯಾಸ. ಸರಳು ಎರಡರಲ್ಲೂ ನೇರ ಹೋಗುತ್ತದೆ, ಹಾಗಾಗಿ ಅಳತೆ ಬೇಕೇ ಬೇಕು. .22 ರೈಫಲ್ಲಿನಲ್ಲಿ ಗೀರಿನ ತಳದಿಂದ ತಳಕ್ಕೆ ಸುಮಾರು 0.222 ಇಂಚು, ಗೀರುಗಳ ನಡುವಿನ ಉಬ್ಬಾದ ದಿಂಡಿನಿಂದ ದಿಂಡಿಗೆ ಸುಮಾರು 0.217. ಗೀರನ್ನು ಪೂರ್ತಿ ಅಳಿಸಬೇಕೆಂದರೆ ತಳಕ್ಕಿಂತ ಅಗಲ ಕೊರೆಯಲೇಬೇಕು. ಹಾಗಾಗಿ ಕೊರೆದ ನಳಿಗೆ 0.222ಕ್ಕಿಂತ ಅಗಲವಾಗಿಯೇ ಇರಬೇಕು; ಅದಕ್ಕಿಂತ ಕಿರಿದಾಗಿದ್ದರೆ ಕೈಕೊರೆತದ್ದಲ್ಲ. ಮೆತ್ತನೆಯ ಸೀಸದ ಉಂಡೆಗೆ ಎಣ್ಣೆ ಹಚ್ಚಿ ಹಿಂಬದಿಯಿಂದ ಮೂತಿಯವರೆಗೆ ತಳ್ಳಿ, ಹೊರಬಂದ ತುಂಡನ್ನು ಮೈಕ್ರೋಮೀಟರಿನಲ್ಲಿ ಅಳೆಯುವುದು ಹಳೆಯ ವಿಧಾನ. ಇದನ್ನು ಲೈಸೆನ್ಸ್ ಇರುವ ಬಂದೂಕು ಅಂಗಡಿಯವರ ಕೈಯಿಂದ ಮಾಡಿಸಿ. ಮೈಕ್ರೋಮೀಟರಿಗೆ ಬೆಳಗಾವಿಯಲ್ಲಿ ಬರವಿಲ್ಲ, ಉದ್ಯಮಬಾಗದ ತುಂಬ ಲೇಥುಗಳೇ. ಆದರೆ ಲೇಥಿನವರ ಹತ್ತಿರ ಸೀಸದ ತುಂಡನ್ನು ಒಯ್ಯಿರಿ, ಬಂದೂಕನ್ನಲ್ಲ.

ಗುಂಡು ಹಾರಿಸಿ ನೋಡುವ ಪರೀಕ್ಷೆಯನ್ನು ನಾನು ಒಪ್ಪುವುದಿಲ್ಲ. ಕಾಗದದ ಮೇಲೆ ಗುಂಡು ಅಡ್ಡಬಿದ್ದ ತೂತು ಕಂಡರೆ ನುಣುಪು ನಳಿಗೆ ಎನ್ನುತ್ತಾರೆ. ಆದರೆ ಕೆಟ್ಟ ಗೀರಿನ ನಳಿಗೆಯೂ ಹಾಗೆಯೇ ಅಡ್ಡ ಹೊಡೆಯುತ್ತದೆ. ತಿಳಿಯಬೇಕಾದದ್ದನ್ನು ತಿಳಿಸದ ಪರೀಕ್ಷೆಗೆ ನೂರು ವರ್ಷದ ಉಕ್ಕನ್ನು ಯಾಕೆ ಒಡ್ಡಬೇಕು?

ಜಾತಿ ಗೊತ್ತಾದ ಮೇಲಿನ ಆಯ್ಕೆಗಳಿಗೆ ಬರೋಣ. ತುಕ್ಕು ತಿಂದ ಸಾಮಾನ್ಯ ರೈಫಲ್ ಆದರೆ ಒಳಗೆ ಹೊಸ ಗೀರಿನ ಕೊಳವೆ ಕೂರಿಸುವ ದಾರಿ ಇದೆ. ಬ್ರಿಟನ್ನಿನ ಪಾರ್ಕರ್-ಹೇಲ್ ಈ ಕೆಲಸಕ್ಕೆ ಹೆಸರಾಗಿತ್ತು. ಅವರ ನಳಿಗೆಗಳ ಮೇಲೆ 'ಪಾರ್ಕರಿಫೈಲ್ಡ್' ಎಂಬ ಒತ್ತು ಕಾಣುತ್ತದೆ, ಮೂತಿಯಲ್ಲಿ ಕೊಳವೆಗೂ ನಳಿಗೆಗೂ ನಡುವಿನ ತೆಳು ವೃತ್ತವೂ ಕಾಣುತ್ತದೆ. ಸೇನೆಯ .303 ರೈಫಲ್ಲುಗಳನ್ನು .22 ತರಬೇತಿ ರೈಫಲ್ಲಾಗಿ ಮಾಡಿದ್ದೂ ಹಲವು ಸಲ ಹೀಗೇ ಕೊಳವೆ ಕೂರಿಸಿ. ಎನ್‌ಸಿಸಿಯಲ್ಲಿ ಇದ್ದವರಿಗೆ ಆ ಭಾರವಾದ .22 ನೆನಪಿರಬಹುದು. ಆದರೆ ಕಾರ್ಖಾನೆಯ ನುಣುಪು ನಳಿಗೆಗೆ ಕೊಳವೆ ಕೂರಿಸಿದರೆ ಅದರ ಹುಟ್ಟುಗುಣವೇ ಹೋಗುತ್ತದೆ. ಅಪರೂಪದ ವಸ್ತು ಸಾಮಾನ್ಯ ವಸ್ತುವಾಗುತ್ತದೆ. ಅದನ್ನು ಒರೆಸಿ, ಎಣ್ಣೆ ಹಚ್ಚಿ, ಹಾಗೆಯೇ ಇಡುವುದೇ ಸರಿ. ಛರ್ರಾ ಹೊಡೆಯುವ ಆಸೆ ಬೇಡ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಹಕ್ಕಿಬೇಟೆಯ ಕಾಲ ಮುಗಿಯಿತು, ಜೋಳದ ಹೊಲಕ್ಕೆ ಕವಣೆ, ತಗಡಿನ ಸದ್ದು ಸಾಕು.

ಕೈಕೊರೆತದ್ದಾದರೆ ನನ್ನ ಸಲಹೆ ಕಟ್ಟುನಿಟ್ಟು: ಹೊಡೆಯಬೇಡಿ, ಮಾರಬೇಡಿ, ಇನ್ನಷ್ಟು ತಿದ್ದಿಸಬೇಡಿ. ನಳಿಗೆಯ ಗೋಡೆ ಎಲ್ಲಿ ತೆಳುವಾಗಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. 1959ರ ಶಸ್ತ್ರ ಕಾಯ್ದೆಯಲ್ಲಿ ಬಂದೂಕಿನ ರಿಪೇರಿಗೇ ಲೈಸೆನ್ಸ್ ಬೇಕು, ನಳಿಗೆ ಗಿಡ್ಡ ಮಾಡುವುದಕ್ಕಂತೂ ಬೇರೆಯೇ ಕಲಮು ಇದೆ. ಊರಿನ ಕಮ್ಮಾರರಿಗೋ ಲೇಥಿನವರಿಗೋ ಕೊಟ್ಟರೆ ಅವರನ್ನೂ ಕಟಕಟೆಗೆ ನಿಲ್ಲಿಸಿದಂತೆ.

ಕಾಗದದ ವಿಷಯವನ್ನು ಈ ಭಾಗದವರು ಹಗುರವಾಗಿ ತೆಗೆದುಕೊಳ್ಳಬಾರದು. ನಿಶ್ಶಸ್ತ್ರೀಕರಣದ ಕಾಯ್ದೆಗೆ ತಿರುಗಿಬಿದ್ದು 1857ರ ನವೆಂಬರಿನಲ್ಲಿ ಪ್ರಾಣ ಕೊಟ್ಟ ಹಲಗಲಿಯ ಬೇಡರು ಮುಧೋಳ ಸೀಮೆಯವರೇ. ಆಮೇಲೆ 1878ರ ಶಸ್ತ್ರ ಕಾಯ್ದೆ ಬಂದು, ಯಾರ ಮನೆಯಲ್ಲಿ ಏನಿರಬೇಕೆಂಬುದನ್ನು ಸರಕಾರದ ಕಾಗದವೇ ಹೇಳತೊಡಗಿತು. ಹಾಗಾಗಿ ಹಳೆಯ ಬಂದೂಕಿನ ಹಳೆಯ ಲೈಸೆನ್ಸ್ ಪುಸ್ತಕವೂ ಗುರುತಿನ ಸಾಕ್ಷಿಯೇ. ಅದರಲ್ಲಿ 'ರೈಫಲ್' ಎಂದಿದೆಯೋ 'ಗನ್' ಎಂದಿದೆಯೋ 'ಸ್ಮೂತ್ ಬೋರ್' ಎಂದಿದೆಯೋ ನೋಡಿ. ಅಜ್ಜನ ಕಾಲದ ಗುಮಾಸ್ತ 'ಎಸ್.ಬಿ.' ಎಂದು ಬರೆದಿದ್ದರೆ, ನಳಿಗೆ ಆಗಲೇ ನುಣುಪಾಗಿತ್ತು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಸಿಗದು.

ಪುಸ್ತಕದಲ್ಲಿ ಒಂದಿದ್ದು ಕೈಯಲ್ಲಿ ಇನ್ನೊಂದಿದ್ದರೆ, ವಾರಸಾ ಬದಲಾವಣೆಯ ಸಮಯದಲ್ಲೇ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಬೆಳಗಾವಿ ನಗರದೊಳಗಾದರೆ ಪೊಲೀಸ್ ಕಮಿಷನರ್ ಕಚೇರಿಯಲ್ಲಿ, ಲಿಖಿತವಾಗಿ ತಿಳಿಸಿ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು. ಮೂರನೆಯದಿದ್ದರೆ ಯಾವುದನ್ನು ಬಿಡಬೇಕೆಂಬ ಪ್ರಶ್ನೆ ಬಂದೇ ಬರುತ್ತದೆ. ಎಷ್ಟೋ ಮನೆಗಳು ಮೊದಲು ಬಿಡುವುದು ಈ 'ಸವೆದ' .22ನ್ನೇ. ಬಿಡುವ ಮುಂಚೆ ಸರಳು ತೂರಿಸಿ ನೋಡಿ, ಮರದ ಹಾಸು ಬಿಚ್ಚಿ ಮುದ್ರೆಗಳ ಫೋಟೋ ತೆಗೆದು, ಅಳತೆಯ ಚೀಟಿಯೊಂದಿಗೆ ಲೈಸೆನ್ಸ್ ಪುಸ್ತಕದಲ್ಲಿಡಿ. ಚುನಾವಣೆ ಬಂದಾಗ ಠಾಣೆಗೆ ಜಮಾ ಮಾಡುವಾಗಲೂ ಆ ಚೀಟಿಯ ಪ್ರತಿ ಕೊಟ್ಟು, ರಸೀದಿಯಲ್ಲಿ 'ಗೀರಿಲ್ಲದ ನಳಿಗೆ' ಎಂದು ಬರೆಸಿಕೊಳ್ಳಿ.